ಅಂಸಶೋಣಿತಶಾಸ್ತ್ರ ಪ್ರವೇಶಿಕೆ

1. ಅಧಿಕಾರ. ಭುಜಸಂಧಿಯನ್ನು ಬದಲಿಸಿದ ಬಳಿಕ ನಾಳವನ್ನು ತೊರೆದು ಸಂಚರಿಸುವ ಶೋಣಿತವೇ ಈ ಶಾಸ್ತ್ರದ ಪ್ರಮೇಯ. 1893ರಲ್ಲಿ ಪ್ಯಾರಿಸ್ಸಿನ ಶಸ್ತ್ರವೈದ್ಯ ಜೂಲ್ ಪೇಯಾನ್ ಪ್ಲಾಟಿನಮ್ ಹಾಗೂ ರಬ್ಬರಿನ ಕೃತಕ ಸಂಧಿಯನ್ನು ಪ್ರತಿಷ್ಠಾಪಿಸಿದರು. ಅಂದಿನಿಂದ ಸಂಧಿಗೆ ಶಾಸ್ತ್ರ ದೊರೆಯಿತು, ರಕ್ತದ ಕಲೆಗೆ ದೊರೆಯಲಿಲ್ಲ. ಮಂಡಿಶಾಸ್ತ್ರದಲ್ಲೇ ಇದು ಅಂತರ್ಗತವಲ್ಲವೇ ಎಂಬುದು ಪೂರ್ವಪಕ್ಷ. ಅಲ್ಲ; ಮಂಡಿಯ ರಕ್ತವನ್ನು ತಡೆಯಲು ತೊಡೆಗೆ ಬಿಗಿಪಟ್ಟಿ ಕಟ್ಟಬಹುದು. ಭುಜದ ಮೇಲೆ ಕಟ್ಟಲು ಕುತ್ತಿಗೆಯೊಂದೇ ಉಳಿಯುತ್ತದೆ, ಅದು ನಿಷಿದ್ಧ. ಆದುದರಿಂದ ಶಾಸ್ತ್ರವು ಸ್ವತಂತ್ರ.

2. ಲಕ್ಷಣ. ‘ಪಟ್ಟಿಯ ಮೇಲಣ ಕೆಂಪು ಕಲೆಯೇ ರಕ್ತಸ್ರಾವ’ ಎಂದರೆ, ಎಡಗೈಯಿಂದ ಉಣ್ಣುವಾಗ ಚೆಲ್ಲಿದ ಟೊಮೆಟೊ ಸಾರಿನಲ್ಲಿ ಅತಿವ್ಯಾಪ್ತಿ. ಚರ್ಮದೊಳಗೇ ನಿಂತ ರಕ್ತದಲ್ಲಿ ಅವ್ಯಾಪ್ತಿ. ಆದ್ದರಿಂದ ‘ಸಾರಿನಿಂದ ಭಿನ್ನವಾಗಿದ್ದು, ನಾಳಚ್ಯುತವಾದ, ದೃಷ್ಟ ಅಥವಾ ಅದೃಷ್ಟ ಶೋಣಿತ’ ಎಂದು ಪರಿಷ್ಕಾರ.

3. ವಿಭಾಗ. ಇದು ತ್ರಿವಿಧ: ಬಹಿಃಸ್ರಾವಿ, ಅಧೋಗಾಮಿ, ಅಂತಃಸಂಚಯಿ.

3.1. ಬಹಿಃಸ್ರಾವಿಯು ಪುನಃ ಬಿಂದುಮಾತ್ರ, ನಾಣ್ಯಮಾತ್ರ, ದಿಂಬುವ್ಯಾಪಿ ಎಂದು ಮೂರು ಬಗೆ. ನಾಣ್ಯಮಾತ್ರದಲ್ಲಿ ಹಳೆಯ ರೂಪಾಯಿಯೇ ಮಾನವೋ ಹೊಸದೋ ಎಂಬುದನ್ನು ಮೊದಲೇ ಸಂಕಲ್ಪಿಸಬೇಕು. ಇಲ್ಲವಾದರೆ ಅಲುಗದ ಕಲೆಯೂ ದಿನಾಂತರದಲ್ಲಿ ವೃದ್ಧಿ ಹೊಂದೀತು.

3.2. ಅಧೋಗಾಮಿಯು ಗುರುತ್ವಾಕರ್ಷಣವನ್ನು ಅನುಸರಿಸಿ ತೋಳಿನಿಂದ ಮೊಣಕೈಗೆ, ಕ್ವಚಿತ್ ಎದೆಗೆ ಇಳಿಯುತ್ತದೆ. ವರ್ಣಭೇದದಿಂದ ನೀಲ, ಹರಿತ, ಪೀತ. ಹಿಮೋಗ್ಲೋಬಿನ್ ಒಡೆದು ಬಿಲಿವರ್ಡಿನ್ ಆದಾಗ ಹರಿತ, ಅದು ಬಿಲಿರುಬಿನ್ ಆದಾಗ ಪೀತ. ಮೊಣಕೈ ನೀಲಿಯಾದುದನ್ನು ಕಂಡ ಬಂಧುವರ್ಗವು ವೈದ್ಯರು ಕೀಲನ್ನೇ ತಪ್ಪಿದರೆಂದು ಅನುಮಾನಿಸುತ್ತದೆ. ಇಲ್ಲಿ ಹೇತು ಅಸಿದ್ಧ. ಇಳಿದದ್ದು ರಕ್ತ, ಕೀಲಲ್ಲ. ಬಂಧುಗಳು ಹೆಚ್ಚಿದಷ್ಟೂ ಅನುಮಾನ ಹೆಚ್ಚುತ್ತದೆ, ನೀಲಿಮೆ ಹೆಚ್ಚುವುದಿಲ್ಲ.

3.3. ಅಂತಃಸಂಚಯಿಯು ಗಾಯದೊಳಗೆ ಮಡುಗಟ್ಟಿದ ರಕ್ತ. ವರ್ಣದಲ್ಲಿ ದರಿದ್ರವಾದುದರಿಂದ ಪ್ರೇಕ್ಷಕರಿಲ್ಲ. ಆದರೆ ಸೋಂಕಿಗೆ ಆಶ್ರಯವಾಗುವುದೂ ನರವನ್ನು ಒತ್ತುವುದೂ ಇದೇ. ಇದು ಸ್ಥಿರ, ವರ್ಧಮಾನ ಎಂದು ದ್ವಿವಿಧ.

4. ನಿರೋಧ. ಜಪಾನಿನ ಉಟಾಕೊ ಒಕಾಮೊಟೊ ದಂಪತಿ 1962ರಲ್ಲಿ ಪ್ರಕಟಿಸಿದ ಟ್ರಾನೆಕ್ಸಾಮಿಕ್ ಆಮ್ಲವು ಹೆಪ್ಪು ಕರಗದಂತೆ ಕಾಯ್ದು ಸ್ರಾವವನ್ನು ತಗ್ಗಿಸುತ್ತದೆ. ರೋಗಿಗೆ ಇದು ಹಿತ. ಪ್ರಮೇಯಕ್ಷಯವಾಗುವುದರಿಂದ ಶಾಸ್ತ್ರಕ್ಕೆ ಅಹಿತ. ರಕ್ತ ತೆಳುವಾಗಿಸುವ ಮಾತ್ರೆಗಳಲ್ಲಿ ಇದರ ವಿಪರ್ಯಯ.

5. ಉಪಸಂಹಾರ. ವರ್ಧಮಾನದ ಉಪಭೇದಗಳನ್ನೂ ಗ್ರಂಥಕಾರನು ಎಣಿಸತೊಡಗಿದ್ದನು. ಐದನೆಯದನ್ನು ನಿರೂಪಿಸುವಷ್ಟರಲ್ಲಿ ಪ್ರಮೇಯವು ಪ್ರಮಾಣವನ್ನು ಮೀರಿತು. ಆದುದರಿಂದ ಅಂತಿಮ ಸೂತ್ರ: ಬೆಳೆಯುತ್ತಿರುವ ಬಾವು ವರ್ಗೀಕರಣಕ್ಕೆ ಅರ್ಹವಲ್ಲ, ಅದನ್ನು ಒಡನೆ ವೈದ್ಯರಿಗೆ ತೋರಿಸತಕ್ಕದ್ದು.