ನೋಟುಲಜ್ಜಾ ಮೀಮಾಂಸೆ: ದಾವಣಗೆರೆ–ಹರಿಹರ ಸೀಮೆಗೆ ಅನ್ವಯಿಸಿ

ದುಡ್ಡೇ ದೊಡ್ಡಪ್ಪ ಎಂದು ಹಿರಿಯರು ಸೂತ್ರ ಮಾಡಿಟ್ಟರು. ಆ ದೊಡ್ಡಪ್ಪನನ್ನು ಹತ್ತು ರೂಪಾಯಿಯ ಚಹಾಕ್ಕೆ ಕರೆದುಕೊಂಡು ಹೋದರೆ ಅಂಗಡಿಯಲ್ಲಿ ಏನು ನಡೆಯುತ್ತದೆ ಎಂಬುದಕ್ಕೆ ಮಾತ್ರ ಯಾರೂ ಭಾಷ್ಯ ಬರೆಯಲಿಲ್ಲ. ಆ ಕೊರತೆಯನ್ನು ನೀಗುವುದೇ ಈ ಪ್ರಬಂಧದ ಪ್ರಯೋಜನ. ಸಣ್ಣ ವ್ಯಾಪಾರಕ್ಕೆ ದೊಡ್ಡ ನೋಟು ಚಾಚುವವನ ಮುಖದ ಮೇಲೆ ಮೂಡುವ ಕಳೆಯನ್ನು ಶಾಸ್ತ್ರದ ಅನುಕೂಲಕ್ಕಾಗಿ ‘ನೋಟುಲಜ್ಜೆ’ ಎಂದು ಕರೆಯಲಾಗಿದೆ. ಅಧ್ಯಯನದ ವ್ಯಾಪ್ತಿ ದಾವಣಗೆರೆ ನಗರ, ಹರಿಹರ, ನಡುವಿನ ಸುಮಾರು ಹದಿನಾಲ್ಕು ಕಿಲೋಮೀಟರ್ ಮತ್ತು ಆ ದಾರಿಯಲ್ಲಿ ಓಡುವ ಬಸ್ಸುಗಳು. ತುಂಗಭದ್ರೆಯ ಸೇತುವೆ ದಾಟಿದರೆ ಹಾವೇರಿ ಜಿಲ್ಲೆ. ಅಲ್ಲಿಯ ಲಜ್ಜೆಗೆ ನಾವು ಹೊಣೆಯಲ್ಲ.

ಮೊದಲು ಪೂರ್ವಪಕ್ಷ. ಲಜ್ಜೆಗೆ ಕಾರಣವೇ ಇಲ್ಲ ಎಂದು ವಾದಿಸುವವರು 1934ರ ರಿಸರ್ವ್ ಬ್ಯಾಂಕ್ ಕಾಯ್ದೆಯ 26ನೇ ಸೆಕ್ಷನ್ ತೋರಿಸುತ್ತಾರೆ. ಅದರ ಪ್ರಕಾರ ಬ್ಯಾಂಕು ಹೊರಡಿಸಿದ ಪ್ರತಿ ನೋಟೂ ಭಾರತದ ಯಾವುದೇ ಸ್ಥಳದಲ್ಲಿ ಕಾನೂನುಬದ್ಧ ಹಣ. ಯಾವುದೇ ಸ್ಥಳ ಎಂದ ಮೇಲೆ ಮಂಡಿಪೇಟೆಯೂ ಸೇರಿತು, ಗಡಿಯಾರ ಕಂಬದ ಸುತ್ತಲಿನ ತಳ್ಳುಗಾಡಿಗಳೂ ಸೇರಿದವು. ಇನ್ನೂ ಸ್ವಾರಸ್ಯವೆಂದರೆ, 2011ರ ನಾಣ್ಯ ಕಾಯ್ದೆಯು ಒಂದು ರೂಪಾಯಿ ಮತ್ತು ಅದಕ್ಕೆ ಮೇಲಿನ ನಾಣ್ಯಗಳಲ್ಲಿ ಸಾವಿರ ರೂಪಾಯಿವರೆಗೆ ಮಾತ್ರ ಪಾವತಿ ಮಾಡಬಹುದು ಎಂದು ಗೆರೆ ಎಳೆದಿದೆ. ಅಂದರೆ ಚಿಲ್ಲರೆ ಸುರಿದು ಪೀಡಿಸುವವನಿಗೆ ಮಿತಿಯುಂಟು, ನೋಟು ಹಿಡಿದು ಪೀಡಿಸುವವನಿಗೆ ಇಲ್ಲ. ಕಾನೂನು ಇಷ್ಟು ಗಟ್ಟಿಯಾಗಿ ಬೆನ್ನಿಗಿದ್ದರೂ ಬೆಳಗಿನ ಏಳು ಗಂಟೆಗೆ, ಬೋಣಿಗೂ ಮುಂಚೆ, ಒಂದು ಮೊಳ ಮಲ್ಲಿಗೆಗೆ ಐನೂರು ಚಾಚಿದವನ ಕೈ ನಡುಗುತ್ತದೆ. ಶಾಸನಸಭೆಯಲ್ಲಿ ಕೈ ಎತ್ತಿದವರು ಹೂವಿನಮ್ಮನ ಮುಂದೆ ನಿಂತವರಲ್ಲ.

ಚರಿತ್ರೆಯತ್ತ ಒಂದು ನೋಟ. ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಥ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ. ಆ ಕಾಲದ ಕನ್ನಡ ಶಾಸನಗಳು ಗದ್ಯಾಣದಿಂದ ಹಿಡಿದು ಪಣ, ಹಾಗ, ವೀಸದವರೆಗೆ ಲೆಕ್ಕ ಬರೆದಿಡುತ್ತವೆ. ದಾನ ಕೊಡುವ ರಾಜನೇ ವೀಸದ ಮಾತಾಡುತ್ತಿದ್ದ ಕಾಲದಲ್ಲಿ ಲಜ್ಜೆಗೆ ಆಸ್ಪದ ಕಡಿಮೆ. ಮುಂದೆ ಬ್ರಿಟಿಷರ ಆಡಳಿತದಲ್ಲಿ, 1938ರಲ್ಲಿ, ರಿಸರ್ವ್ ಬ್ಯಾಂಕು ಹತ್ತು ಸಾವಿರ ರೂಪಾಯಿಯ ನೋಟನ್ನೇ ಹೊರತಂದಿತು. ಅದನ್ನು ಹಿಡಿದು ದಾವಣಗೆರೆಯಲ್ಲಿ ಯಾರಾದರೂ ಒಂದು ಖಾಲಿ ದೋಸೆ ಹೇಳಿದ್ದರೇ ಎಂಬುದಕ್ಕೆ ಶಾಸನಾಧಾರವಿಲ್ಲ. 1946ರಲ್ಲೊಮ್ಮೆ, 1978ರಲ್ಲಿ ಇನ್ನೊಮ್ಮೆ ದೊಡ್ಡ ನೋಟುಗಳ ತಲೆ ಹಾರಿಸಲಾಯಿತು. ನಮ್ಮ ನಾಯಕನಾದ ಐನೂರು ಹುಟ್ಟಿದ್ದು 1987ರಲ್ಲಿ. ಆಗ ಅದು ಸಂಬಳದ ದಿನ ಮಾತ್ರ ದರ್ಶನ ಕೊಡುತ್ತಿದ್ದ ಉತ್ಸವಮೂರ್ತಿ. ಹತ್ತಿ ಗಿರಣಿಯ ಕಾರ್ಮಿಕನ ಮನೆಯಲ್ಲಿ ಅದನ್ನು ದೇವರ ಪಟದ ಹಿಂದೆ ಇಡುತ್ತಿದ್ದರೇ ಹೊರತು ಮಂಡಕ್ಕಿ ತರಲು ಹುಡುಗನ ಕೈಗೆ ಕೊಡುತ್ತಿರಲಿಲ್ಲ. ಈಗ ಎಟಿಎಂ ಬಾಯಿ ತೆರೆದರೆ ಬೀಳುವುದು ಅದೊಂದೇ. ಉತ್ಸವಮೂರ್ತಿಯನ್ನು ದಿನಾ ಬೀದಿಗೆ ತಂದದ್ದೇ ಲಜ್ಜೆಯ ಆರ್ಥಿಕ ಮೂಲ.

ಪ್ರತಿಮಾಶಾಸ್ತ್ರವನ್ನೂ ಮರೆಯುವಂತಿಲ್ಲ. ಹೊಸ ಐವತ್ತರ ನೋಟಿನ ಬೆನ್ನ ಮೇಲೆ ಹಂಪಿಯ ಕಲ್ಲಿನ ರಥವಿದೆ, ಐನೂರರ ಮೇಲೆ ದಿಲ್ಲಿಯ ಕೆಂಪುಕೋಟೆ. ಹರಿಹರದ ಹೊಳೆಯೇ ಮುಂದೆ ಹರಿದು ಹಂಪಿಯ ಕಾಲು ತೊಳೆಯುತ್ತದೆ. ಆದ್ದರಿಂದ ಐವತ್ತು ನಮ್ಮ ಕಡೆಯ ನೆಂಟ, ಎಲ್ಲಿ ಹೋದರೂ ಮಣೆ ಹಾಕುತ್ತಾರೆ. ಐನೂರು ದಿಲ್ಲಿಯಿಂದ ಬಂದ ಅಧಿಕಾರಿ, ಅದಕ್ಕೆ ಕುರ್ಚಿ ಹುಡುಕಬೇಕು.

ಈಗ ಲಕ್ಷಣ ನಿರೂಪಣೆ. ಭರತಮುನಿ ಸ್ತಂಭ, ಸ್ವೇದ, ರೋಮಾಂಚ, ಸ್ವರಭಂಗ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ ಎಂದು ಎಂಟು ಸಾತ್ತ್ವಿಕ ಭಾವಗಳನ್ನು ಹೇಳಿದ್ದಾನೆ. ಸಂಜೆ ಮೆಣಸಿನಕಾಯಿ–ಮಂಡಕ್ಕಿ ಗಾಡಿಯ ಮುಂದೆ ಐನೂರು ಹಿಡಿದು ನಿಂತವನಲ್ಲಿ ಇವೆಲ್ಲವನ್ನೂ ಬರಿಗಣ್ಣಿಗೇ ಗುರುತಿಸಬಹುದು. ಅಶ್ರುವಿನ ವಿಷಯದಲ್ಲಿ ಮಾತ್ರ ಸಂಶೋಧಕರು ಎಚ್ಚರ ವಹಿಸಬೇಕು, ಅದು ಮೆಣಸಿನಕಾಯಿಯದೂ ಇದ್ದೀತು. ಕ್ರಮ ಹೀಗಿದೆ: ಗಿರಾಕಿ ಮೊದಲು ಅಂಗಿಯ ಜೇಬು ತಡಕುತ್ತಾನೆ, ಆಮೇಲೆ ಪ್ಯಾಂಟಿನ ಎರಡೂ ಜೇಬು, ಕೊನೆಗೆ ಹಿಂದಿನದು. ಎಲ್ಲಿಯೂ ಏನೂ ಇಲ್ಲವೆಂಬುದು ಮನೆ ಬಿಡುವಾಗಲೇ ಅವನಿಗೆ ಗೊತ್ತು. ಹುಡುಕಾಟ ಅಂಗಡಿಯವನಿಗೆ ತೋರಿಸುವ ಪೂರ್ವರಂಗ ಅಷ್ಟೆ. ಅನಂತರ 150 ಮಿಲಿಮೀಟರ್ ಉದ್ದದ ನೋಟನ್ನು ನಾಲ್ಕು ಮಡಿಕೆ ಮಾಡಿ, ಹತ್ತರ ನೋಟೇ ಇರಬೇಕು ಎಂಬ ಭ್ರಮೆ ಹುಟ್ಟುವ ಹಾಗೆ, ಬೆರಳಸಂದಿಯಲ್ಲಿ ಹಿಡಿದು ಚಾಚುತ್ತಾನೆ. ಆಗ ನಡೆಯುವ ಸಂವಾದದ ಪ್ರಮಾಣ ಪಾಠ ಇದು:

“ಅಣ್ಣಾ, ಚಿಲ್ರೆ ಇಲ್ಲ... ಐನೂರೈತಿ. ನಡೀತೈತಾ?”

“ಬೋಣಿನೇ ಆಗಿಲ್ರಿ ಯಜಮಾನ್ರೇ. ಬಂದೋರೆಲ್ಲ ಐನೂರು ಕೊಟ್ರೆ ನಾನೆಲ್ಲಿಂದ ತರ್ಲಿ?”

ಸಂಜೆ ಏಳಕ್ಕೂ ಬೋಣಿ ಆಗಿರುವುದಿಲ್ಲ ಎಂಬುದನ್ನು ಗಮನಿಸಬೇಕು. ಬೋಣಿ ಎನ್ನುವುದು ಇಲ್ಲಿ ಗಡಿಯಾರಕ್ಕೆ ಸಂಬಂಧಪಟ್ಟ ಸಂಗತಿಯಲ್ಲ. ಆಮೇಲೆ ಅಂಗಡಿಯವನು ನೋಟನ್ನು ಬಲ್ಬಿಗೆ ಹಿಡಿದು ಗಾಂಧಿಯವರ ನೀರುಗುರುತು ನೋಡುತ್ತಾನೆ, ಓರೆ ಮಾಡಿ ಹಸಿರು ದಾರ ನೀಲಿಯಾಯಿತೇ ಎಂದು ಪರೀಕ್ಷಿಸುತ್ತಾನೆ. ಅಷ್ಟು ಹೊತ್ತೂ ಗಿರಾಕಿ, ನೋಟನ್ನು ತಾನೇ ರಾತ್ರಿ ಕೂತು ಬರೆದವನ ಹಾಗೆ, ತಲೆ ತಗ್ಗಿಸಿ ನಿಂತಿರುತ್ತಾನೆ.

ಲಜ್ಜೆಯನ್ನು ಅಳೆಯುವುದು ಸುಲಭ. ನೋಟಿನ ಮೌಲ್ಯವನ್ನು ಕೊಂಡ ವಸ್ತುವಿನ ಬೆಲೆಯಿಂದ ಭಾಗಿಸಿದರೆ ಬರುವುದು ಸಂಕೋಚಾಂಕ. ಹತ್ತರ ಚಹಾಕ್ಕೆ ಐನೂರು ಕೊಟ್ಟರೆ ಐವತ್ತು. ಅದು ಮೂರ್ಛೆಯ ಮಟ್ಟ. ಇನ್ನೂರೈವತ್ತರ ಸಾಮಾನಿಗೆ ಕೊಟ್ಟರೆ ಎರಡು. ಎದೆ ಉಬ್ಬಿಸಿಯೇ ಕೊಡಬಹುದು. ಸಂಕೋಚಾಂಕ ಇಳಿಸಲು ಜನ ಏನೆಲ್ಲ ಮಾಡುತ್ತಾರೆ! ಒಂದು ಬೆಣ್ಣೆದೋಸೆಗೆ ಬಂದವನು ಎರಡು ತಿಂದು, ಮನೆಗೊಂದು ಕಟ್ಟಿಸಿಕೊಂಡು, ಮರ್ಯಾದೆ ಉಳಿಯಿತೆಂದು ಹೊರಡುತ್ತಾನೆ. ಈ ಊರಿನ ಬೆಣ್ಣೆದೋಸೆಯ ಕೀರ್ತಿಯಲ್ಲಿ ಬೆಣ್ಣೆಯ ಪಾಲೆಷ್ಟು, ಲಜ್ಜೆಯ ಪಾಲೆಷ್ಟು ಎಂಬುದು ಬೇರೆಯೇ ಸಂಶೋಧನೆಗೆ ವಸ್ತು.

ಇದೇ ನೋಟು ಇದೇ ಊರಿನ ಬಟ್ಟೆ ಅಂಗಡಿಯಲ್ಲಿ ಲಜ್ಜೆ ಹುಟ್ಟಿಸುವುದಿಲ್ಲ. ಮದುವೆ ಜವಳಿಗೆ ಸುತ್ತಲ ಹಳ್ಳಿಗಳಿಂದ ಬಂದವರು ಐನೂರರ ಕಟ್ಟುಗಳನ್ನು ಗಲ್ಲಾದ ಮೇಲೆ ಎಣಿಸಿಡುತ್ತಾರೆ, ಅಂಗಡಿಯವರು ಕುಡಿಯಲು ತಂಪು ತರಿಸುತ್ತಾರೆ. ಪೆಟ್ರೋಲ್ ಬಂಕು ಇನ್ನೂ ಉದಾರಿ. ನೂರು ರೂಪಾಯಿ ಪೆಟ್ರೋಲಿನ ನೆಪದಲ್ಲಿ ನೋಟು ಮುರಿಸಿಕೊಂಡು ಹೋಗುವ ದ್ವಿಚಕ್ರಿಗಳಿಂದಲೇ ಅದರ ಬೆಳಗು ಆಗುತ್ತದೆ. ಮದ್ಯದಂಗಡಿಯಲ್ಲಿ ‘ಚಿಲ್ರೆ ಇಲ್ಲ’ ಎಂಬ ಮಾತು ಕೇಳಿದವರನ್ನು ಈ ಅಧ್ಯಯನಕಾರ ಇನ್ನೂ ಭೇಟಿಯಾಗಿಲ್ಲ. ದೇವಸ್ಥಾನದ ಪ್ರಶ್ನೆ ಸೂಕ್ಷ್ಮ. ಮಂಗಳಾರತಿ ತಟ್ಟೆಗೆ ಐನೂರು ಹಾಕಿ ನಾನೂರ ತೊಂಬತ್ತು ಎತ್ತಿಕೊಳ್ಳುವುದು ಶಾಸ್ತ್ರಸಮ್ಮತವೇ? ಅರ್ಚಕರು ಬೇಡ ಎನ್ನುವುದಿಲ್ಲ, ಹಿಂದೆ ನಿಂತವರು ನೋಡುವ ನೋಟವೇ ಬೇಡ ಎನ್ನುತ್ತದೆ.

ಹಾಗಾದರೆ ‘ಚಿಲ್ರೆ ಇಲ್ಲ’ ಎಂಬ ವಾಕ್ಯದ ತಾತ್ಪರ್ಯವೇನು? ಗಲ್ಲಾಪೆಟ್ಟಿಗೆಯಲ್ಲಿ ಚಿಲ್ಲರೆಯ ಅಭಾವ ಎಂದು ಅರ್ಥ ಹೇಳುವವರು ಅಂಗಡಿ ಮುಂದೆ ಎರಡು ನಿಮಿಷ ಹೆಚ್ಚಿಗೆ ನಿಲ್ಲಬೇಕು. ನಿಮಗೆ ಇಲ್ಲವೆಂದ ಡಬ್ಬಿಯಿಂದಲೇ ಪಕ್ಕದ ಓಣಿಯ ಅಜ್ಜಿಗೆ ನೂರರ ನೋಟುಗಳು ಗರಿಗರಿಯಾಗಿ ಹೊರಬರುತ್ತವೆ. ಆದ್ದರಿಂದ ನಮ್ಮ ಸಿದ್ಧಾಂತ: ಚಿಲ್ಲರೆಯ ಅಭಾವ ಡಬ್ಬಿಯದಲ್ಲ, ಪರಿಚಯದ್ದು. ಇನ್ನೂ ಮುಂದೆ ಹೋಗಿ ಹೇಳುವುದಾದರೆ, ಜೇಬು ಪೂರ್ತಿ ಖಾಲಿಯಿರುವವನು ‘ಬರೆದುಕೊಳ್ರಿ’ ಎಂದು ತಲೆ ಎತ್ತಿಕೊಂಡು ಹೋಗಬಲ್ಲ. ಉದ್ರಿಯವನಿಗೆ ಪುಸ್ತಕದಲ್ಲಿ ಹೆಸರಿದೆ. ಐನೂರು ಇದ್ದವನು ಹೆಸರಿಲ್ಲದ ಸಾಹುಕಾರ, ಹತ್ತು ರೂಪಾಯಿಗೆ ಕೈ ಹಿಸುಕುತ್ತ ನಿಲ್ಲುತ್ತಾನೆ. ಹಣ ಅಂದರೆ ಹೆಣವೂ ಬಾಯಿ ಬಿಡುತ್ತದೆ ಎಂಬ ಗಾದೆಗೂ ಇಲ್ಲೊಂದು ತಿದ್ದುಪಡಿ ಬೇಕಾಗಿದೆ: ಐನೂರು ತೋರಿಸಿದರೆ ಅದು ಬಾಯಿ ಬಿಟ್ಟು ‘ಹತ್ತು ಚೇಂಜ್ ಐತೇನ್ರಿ’ ಎನ್ನುತ್ತದೆ. ಅಂಗಡಿಯವನು ಕೊನೆಗೆ “ಹೋಗ್ಲಿ ಬಿಡ್ರಿ, ನಾಳೆ ಕೊಡ್ರಿ” ಅಂದರೆ ಅಲ್ಲಿಗೆ ಮೋಕ್ಷ. ಹತ್ತು ರೂಪಾಯಿ ಸಾಲಗಾರನಾಗಿ, ಐನೂರನ್ನು ಹಾಗೇ ಜೇಬಿಗೆ ಇಳಿಸಿ, ಗಿರಾಕಿ ಊರಿನವನಾಗಿ ಹೊರಬರುತ್ತಾನೆ.

ಪರಿಚಯ ಬೆಳೆಯುವವರೆಗೆ ಏನು ಮಾಡಬೇಕೆಂಬುದಕ್ಕೆ ಹರಿಹರ ಕ್ಷೇತ್ರವೇ ಉಪಾಯ ಹೇಳಿದೆ. ಗುಹಾಸುರನಿಗೆ ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ ಎಂಬ ವರವಿತ್ತು. ಇಬ್ಬರೂ ಒಂದೇ ಮೈಯಾಗಿ ಬಂದು ಅವನನ್ನು ಮುಗಿಸಿದರು ಎನ್ನುತ್ತದೆ ಸ್ಥಳಪುರಾಣ. ಐನೂರರ ನೋಟಿಗೂ ಅದೇ ವರ ಇರುವಂತಿದೆ: ಗಿರಾಕಿಯಿಂದಲೂ ಮುರಿಯದು, ಅಂಗಡಿಯವನಿಂದಲೂ ಮುರಿಯದು. ಆಗ ಬಿಲ್ಲು ನೂರ ಇಪ್ಪತ್ತಾದಲ್ಲಿ ಅಂಗಡಿಯವನು “ಇಪ್ಪತ್ತು ಕೊಡ್ರಿ, ನಾನೂರು ಕೊಡ್ತೀನಿ” ಎನ್ನುತ್ತಾನೆ. ಒಂದು ಕಡೆಯಿಂದ ಇಪ್ಪತ್ತು, ಇನ್ನೊಂದು ಕಡೆಯಿಂದ ನಾನೂರು ಸೇರಿದ ಕ್ಷಣವೇ ಅಸುರ ಸಂಹಾರ. ಈ ಮೂರ್ತಿಯಲ್ಲಿ ಲಕ್ಷ್ಮೀಪತಿ ಯಾರು, ಭಿಕ್ಷಾಟನೆಯವನು ಯಾರು ಎಂಬುದನ್ನು ಮಾತ್ರ ಕೇಳಬಾರದು. ಪಾತ್ರಗಳು ಗಳಿಗೆಗೊಮ್ಮೆ ಬದಲಾಗುತ್ತವೆ.

ಬಸ್ಸಿನಲ್ಲಿ ಈ ಉಪಾಯ ನಡೆಯದು. ಕಂಡಕ್ಟರು ಉಳಿದ ಹಣವನ್ನು ಟಿಕೆಟ್ಟಿನ ಬೆನ್ನಿಗೆ ಬರೆದು ಮುಂದಕ್ಕೆ ಹೋಗುತ್ತಾರೆ. ಅಲ್ಲಿಂದ ಹರಿಹರದವರೆಗೆ ಪ್ರಯಾಣಿಕ ಕಿಟಕಿಯಾಚೆಯ ಭತ್ತದ ಗದ್ದೆ ನೋಡುವುದಿಲ್ಲ, ಕಂಡಕ್ಟರ ಚೀಲವನ್ನೇ ಧ್ಯಾನಿಸುತ್ತಾನೆ.

2016ರ ನವೆಂಬರ್ 8ರ ರಾತ್ರಿ ಹಳೆಯ ಐನೂರು, ಸಾವಿರ ಎರಡೂ ಹೋಗಿ, ಗುಲಾಬಿ ಬಣ್ಣದ ಎರಡು ಸಾವಿರ ಬಂದಾಗ ಲಜ್ಜೆ ಮಹಾಮಾರಿಯ ರೂಪ ತಾಳಿತ್ತು. ಅದರ ಬೆನ್ನ ಮೇಲೆ ಮಂಗಳಯಾನದ ಚಿತ್ರ. ಅದಕ್ಕೆ ಚಿಲ್ಲರೆಯೂ ಮಂಗಳನಲ್ಲೇ ಸಿಗಬೇಕಿತ್ತು. 2023ರ ಮೇ 19ರಂದು ಅದನ್ನೂ ಹಿಂದಕ್ಕೆ ಕರೆದರು. ನಡುವೆ ಕ್ಯೂಆರ್ ಕೋಡ್ ಬಂದು ಗಾಡಿಗೊಂದು ಚೌಕ ಅಂಟಿ, ನೋಟುಲಜ್ಜೆ ಇನ್ನು ವಸ್ತುಸಂಗ್ರಹಾಲಯಕ್ಕೆ ಸೇರಿತು ಎಂದೇ ವಿದ್ವಾಂಸರು ತಿಳಿದಿದ್ದರು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದ್ದೇ ತಡ, ಎಷ್ಟೋ ಅಂಗಡಿಗಳಲ್ಲಿ ಚೌಕ ಕಿತ್ತು ‘ನಗದು ಮಾತ್ರ’ ಎಂಬ ಬೋರ್ಡು ತೂಗಿತು. ಕ್ಷೇತ್ರಕಾರ್ಯಕ್ಕೆ ಅಷ್ಟು ಒಳ್ಳೆಯ ತಿಂಗಳು ಮತ್ತೆ ಸಿಗಲಿಕ್ಕಿಲ್ಲ.

ಆದರೆ ಈ ಶಾಸ್ತ್ರದ ಭವಿಷ್ಯಕ್ಕೆ ರಿಸರ್ವ್ ಬ್ಯಾಂಕೇ ಸಂಚಕಾರ ತಂದಿದೆ. 2025ರ ಏಪ್ರಿಲಿನ ಅದರ ಸುತ್ತೋಲೆಯಂತೆ 2026ರ ಮಾರ್ಚ್ 31ರ ಹೊತ್ತಿಗೆ ಶೇ 90ರಷ್ಟು ಎಟಿಎಂಗಳು ಕನಿಷ್ಠ ಒಂದು ಪೆಟ್ಟಿಗೆಯಿಂದ ನೂರು ಇಲ್ಲವೆ ಇನ್ನೂರರ ನೋಟು ಕೊಡಬೇಕು. ಬಾಕಿ ಉಳಿಯುವ ಶೇ 10ರಲ್ಲಿ, ಐನೂರನ್ನಷ್ಟೇ ಉಗುಳುವ ಶುದ್ಧ ತಳಿಯ ಎಟಿಎಂ ಒಂದನ್ನು ಸಂಶೋಧನೆಯ ಹಿತದೃಷ್ಟಿಯಿಂದ ದಾವಣಗೆರೆಗೆ ಮಂಜೂರು ಮಾಡಬೇಕೆಂದು ಈ ಮೂಲಕ ಕೋರಲಾಗಿದೆ. ಹರಿಹರದವರು ತಮಗೂ ಒಂದು ಬೇಕೆಂದು ಕೂರುವುದು ಖಂಡಿತ. ಹಾಗಾದಲ್ಲಿ ಅದನ್ನು ನಡುದಾರಿಯಲ್ಲಿ ನಿಲ್ಲಿಸಬಹುದು, ಪಕ್ಕದಲ್ಲಿ ಒಂದೇ ಒಂದು ಚಹಾದಂಗಡಿ ಇರಬೇಕು ಎಂಬ ಷರತ್ತಿನ ಮೇಲೆ.