ಮುಖದಲ್ಲಿ ಮೂವತ್ತು, ಒಡಲಲ್ಲಿ ಹನ್ನೆರಡು

ಮಿಚಿಗನ್ನಿನ ಪ್ಲಿಮತ್ತಿನಲ್ಲಿ, ನಮ್ಮವರ ನೆಲಮಾಳಿಗೆಯೊಂದರಲ್ಲಿ ಮೊನ್ನೆ ಜರುಗಿದ ತೀರ್ಪಿನ ವೃತ್ತಾಂತವನ್ನು ಇಲ್ಲಿ ಪುನಃ ವಿಸ್ತರಿಸಬೇಕಾದ ಅಗತ್ಯವಿಲ್ಲ; ಮೋಟಾರು ಉದ್ಯಮದಲ್ಲಿ ಉನ್ನತ ಪದವಿಗಳನ್ನಲಂಕರಿಸಿದ ಮೂವರು ಇಂಜಿನಿಯರರು, ಮನೆಯಲ್ಲಿಯೇ ರಚಿತವಾದ ಆ ಪವರ್ ಸಪ್ಲೈಗೆ ಹತ್ತಕ್ಕೆ ಎಂಟು ಅಂಕಗಳನ್ನಿತ್ತು, ಮುಖಫಲಕದ ನೀಲಿ ಅಂಕೆಗಳನ್ನು ಕೊಂಡಾಡಿ, ಚಕ್ಕುಲಿ ಮೆಲ್ಲುತ್ತ ಮೆಟ್ಟಿಲೇರಿ ಹೋದರೆಂಬುದು ಡೆಟ್ರಾಯಿಟ್ ಪರಿಸರದ ಕನ್ನಡಿಗರಿಗೆಲ್ಲ ವಿದಿತವೇ ಆಗಿದೆ. ಗಾಳಿಯಂತ್ರಗಳನ್ನು ಮಾಡಲೆಂದು 1882ರಲ್ಲಿ ಕಾರ್ಖಾನೆ ತೆರೆದು, ಕಡೆಗೆ ಡೈಸಿ ಗಾಳಿಬಂದೂಕಿನಿಂದ ಖ್ಯಾತಿವೆತ್ತ ಊರಿದು. ಫಲಕದಲ್ಲಿ ಬರೆದದ್ದೊಂದು, ಬಾಗಿಲಿನಿಂದ ಹೊರಬಿದ್ದದ್ದೊಂದು ಎಂದರೆ ಇಲ್ಲಿ ಯಾರೂ ಬೆರಗಾಗುವುದಿಲ್ಲ. ಆದರೂ ತೀರ್ಪಿಗೊಳಗಾದವರ ಅಹವಾಲನ್ನು ಕೇಳದಿರುವುದು ಧರ್ಮವಲ್ಲವೆಂದು ಬಗೆದು, ನಾನು ಆ ಪೆಟ್ಟಿಗೆಯ ಸನ್ನಿಧಿಗೆ ಹೋದೆನು.

ಪ್ರಶ್ನೆ: ಎಂಟು ಅಂಕಗಳು ಬಂದುವಲ್ಲ, ಸಂತುಷ್ಟರೆ?

ಪೆಟ್ಟಿಗೆ: ಎಲ್ಲಿಯ ಸಂತೋಷ, ಸ್ವಾಮಿ! ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಂಡು, ಹುಳಿಪುಡಿಯ ಪೊಟ್ಟಣಗಳ ನಡುವೆ ಸಾಗರೋಲ್ಲಂಘನ ಮಾಡಿಸಿ ತಂದ ನನ್ನ ಟ್ರಾನ್ಸ್‌ಫಾರ್ಮರು, 230 ವೋಲ್ಟ್ ಉಣಿಸಿದರೆ 24 ಕೊಡತಕ್ಕದ್ದು. ಇಲ್ಲಿಯ ಗೋಡೆಯಲ್ಲಿ ದೊರೆಯುವುದಾದರೋ 120. ಅಲ್ಲಿಗೆ ಹನ್ನೆರಡೂವರೆಯಾಯಿತು, ಡಯೋಡುಗಳೂ ಕೆಪಾಸಿಟರೂ ಸೇರಿ ಅದನ್ನು ಹದಿನಾರರವರೆಗೆ ಎತ್ತಿದರೂ, ಹೊರೆಯೇರಿದೊಡನೆ ನಾನು 12ರ ಆಸುಪಾಸಿನಲ್ಲಿ ಏದುಸಿರು ಬಿಡುತ್ತೇನೆ. ಇತ್ತ ಎಲ್‌ಎಂ 317 ರೆಗ್ಯುಲೇಟರು 1.25 ವೋಲ್ಟಿಗಿಂತ ಕೆಳಗಿಳಿಯದಿರುವುದು ಅದರ ಜನ್ಮಸ್ವಭಾವ. ನನ್ನ ಮುಖದ ಮೇಲೆ ಬರೆದಿರುವುದು '0–30'. ಸೊನ್ನೆಯೂ ಸುಳ್ಳು, ಮೂವತ್ತೂ ಸುಳ್ಳು. ನಡುವಣ ಗೆರೆಯೊಂದೇ ನಿಜ!

ಪ್ರಶ್ನೆ: ತಮ್ಮನ್ನು ನೋಡಿದೊಡನೆ ನನಗೆ ಶಿವನಸಮುದ್ರದ ಸ್ಮರಣೆಯಾಗುತ್ತದೆ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 92 ಮೈಲಿ ದೂರ ವಿದ್ಯುತ್ತು ಹರಿದಾಗ, ಅದನ್ನು ಉತ್ಪಾದಿಸಿದ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ಕಿನವು. ಆ ಋಣವನ್ನು ತೀರಿಸಲು ತಾವು ಬಂದಿರೆನ್ನಬಹುದೆ?

ಪೆಟ್ಟಿಗೆ: ಆ ಯಂತ್ರಗಳು ಅಲ್ಲಿ ಹೊಟ್ಟೆತುಂಬ ಕಾವೇರಿಯನ್ನುಂಡವು. ನಾನಿಲ್ಲಿ ಅರೆಹೊಟ್ಟೆ.

ಪ್ರಶ್ನೆ: ಅಂದಿನದು 25 ಆವರ್ತನದ ವಿದ್ಯುತ್ತೆಂಬುದನ್ನು ಬಲ್ಲಿರಾ?

ಪೆಟ್ಟಿಗೆ: ಅರೆ ವೋಲ್ಟೇಜಿನಲ್ಲಿ ಬಾಳುವವನಿಗೆ ಅರೆ ಆವರ್ತನವೂ ಸಹ್ಯವೇ. ಮೂವತ್ತೆಂದು ಬರೆದವರಾರು, ಅದನ್ನು ಕೇಳಿ.

ಪ್ರಶ್ನೆ: ತಮ್ಮ ತಿರುಗಣೆಯ ಒಳಸ್ಪರ್ಶ ಒಂದು ಕ್ಷಣ ತಪ್ಪಿದರೂ ತಾವು ಶಿಖರಕ್ಕೆ ನೆಗೆದು ಎದುರಿನ ಸರ್ಕ್ಯೂಟನ್ನು ದಹಿಸುವಿರಂತೆ? 3 ವೋಲ್ಟಿನಲ್ಲಿ ಒಂದು ಆಂಪಿಯರ್ ಎಳೆದರೆ ಹತ್ತು ವಾಟಿಗೂ ಮಿಗಿಲಾದ ಶಾಖ ಅಂಗೈಯಗಲದ ತಗಡನ್ನು ಸೇರುವುದಂತೆ?

ಪೆಟ್ಟಿಗೆ: ಅವೆಲ್ಲ ಅಲ್ಪ ವಿಷಯಗಳು. ಮೂವತ್ತರ ಮಾತು ಮುಗಿದಿಲ್ಲ.

ಪ್ರಶ್ನೆ: ಮೂವರಲ್ಲೊಬ್ಬರಾದರೂ ತಮ್ಮ ಬೆನ್ನನ್ನು ತಿರುಗಿಸಿ ನೋಡಲಿಲ್ಲವೆ?

ಪೆಟ್ಟಿಗೆ: ಇಲ್ಲ. ಹಾಸ್ಯ ಸಾಕು. ನನ್ನ ಒಡಲು ಲೋಹದ್ದು. ಅದಕ್ಕೆ ಬಿಗಿಯಬೇಕಾಗಿದ್ದ ಹಸಿರು ಅರ್ತಿಂಗ್ ತಂತಿಯನ್ನು, ಸ್ಕ್ರೂ ಸಿಕ್ಕಲಿಲ್ಲವೆಂದು ಕತ್ತರಿಸಿ ಟೇಪು ಸುತ್ತಿದ್ದಾರೆ. ಫ್ಯೂಸಿಲ್ಲ. ಗೋಡೆಯ ವಿದ್ಯುತ್ತನ್ನು ಹೊತ್ತು ತರುವ ಕಪ್ಪು ತಂತಿ ತಗಡಿನ ಅಂಚಿಗೆ ಉಜ್ಜುತ್ತಿದೆ. ಅದು ಸವೆದು ತಗಡನ್ನು ಮುಟ್ಟಿದ ದಿನ ಏನೂ ಆಗುವುದಿಲ್ಲ: ಕಿಡಿ ಹಾರುವುದಿಲ್ಲ, ಬ್ರೇಕರು ಬೀಳುವುದಿಲ್ಲ, ನೀಲಿ ಅಂಕೆಗಳು ಎಂದಿನಂತೆಯೇ ಬೆಳಗುತ್ತವೆ. ಆಮೇಲೊಂದು ದಿನ ಈ ಮನೆಯ ಮಗು ತೇವದ ಸಿಮೆಂಟಿನ ಮೇಲೆ ಬರಿಗಾಲಲ್ಲಿ ನಿಂತು ನನ್ನನ್ನು ಮುಟ್ಟುತ್ತದೆ. ರಿಪಲ್ ಎಷ್ಟು ಮಿಲಿವೋಲ್ಟೆಂದು ಆಸಿಲೋಸ್ಕೋಪಿನಲ್ಲಿ ಅಳೆದ ಆ ಮೂವರೂ ಮಕ್ಕಳೊಂದಿಗರು! ನಾಲ್ಕು ಸ್ಕ್ರೂ ಬಿಚ್ಚಲು ಅವರಿಗೆ ಪುರುಸೊತ್ತಾಗಲಿಲ್ಲ. 'ಫಿನಿಶಿಂಗ್' ಚೆನ್ನಾಗಿದೆಯೆಂದು ಅಂಕ ಕೊಟ್ಟರು.

ಪ್ರಶ್ನೆ: ತಾವೆಂದದ್ದು ದಿಟ. ತಂತಿಯೆಂದೊಡನೆ, 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂದಾಗ—

ಪೆಟ್ಟಿಗೆ: ಮೊದಲು ಪ್ಲಗ್ ಕೀಳಿ, ಸ್ವಾಮಿ. 1905 ಎಲ್ಲಿಗೂ ಹೋಗುವುದಿಲ್ಲ.