ವಿರಳಫಲಮೋಹ ಮೀಮಾಂಸೆ: ಕಲ್ಯಾಣ ಪರಿಸರದ ಕುಂಡಸಂಸ್ಕೃತಿಯ ಕೆಲವು ತಾತ್ವಿಕ ನೆಲೆಗಳು

ಪ್ರಸ್ತುತ ಪ್ರಬಂಧವು ಬಸವಕಲ್ಯಾಣ–ಹುಮನಾಬಾದ್ ಪರಿಸರದಲ್ಲಿ ದೂರದೇಶದ ಹಣ್ಣಿನ ಗಿಡಗಳನ್ನು ಹವ್ಯಾಸಕ್ಕೆಂದು ಬೆಳೆಸುವ ವಿದ್ಯಮಾನವನ್ನು ಬಹುಶಿಸ್ತೀಯ ಪರಿಪ್ರೇಕ್ಷ್ಯದಲ್ಲಿ ಮುಖಾಮುಖಿಯಾಗಿ, ಅದರ ಸಂಕಥನವನ್ನು ನಿರಚನೆಗೊಳಪಡಿಸಿ, ತನ್ಮೂಲಕ ಒಂದು ನವೀನ ಶಾಸ್ತ್ರವನ್ನೇ ಪ್ರತಿಷ್ಠಾಪಿಸುವ ಇರಾದೆಯನ್ನು ಹೊಂದಿದೆ. ಶಾಸ್ತ್ರದ ನಾಮಧೇಯ ವಿರಳಫಲಮೋಹ ಮೀಮಾಂಸೆ. ಹೆಸರು ಉದ್ದವಾಯಿತೆಂದು ಗೊಣಗುವವರು ವಿಚಾರ ಸಂಕಿರಣದ ಆಹ್ವಾನಪತ್ರಿಕೆಯನ್ನು ಎಂದೂ ಪೂರ್ತಿ ಓದಿದವರಲ್ಲ. ಶಾಸ್ತ್ರರಚನೆಗೆ ಸ್ಥಳಮಹಿಮೆಯೂ ಒದಗಿಬಂದಿದೆ. ಕಲ್ಯಾಣ ಚಾಲುಕ್ಯರ ಇಮ್ಮಡಿ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯ 1025ರ ಸುಮಾರಿಗೆ ಕನ್ನಡದಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೆಂದೇ ಒಂದು ಭಾಗವಿದೆ. ಅದಾಗಿ ನೂರು ವರ್ಷಕ್ಕೆ ಕಲ್ಯಾಣದ ಗದ್ದುಗೆಯ ಮೇಲಿದ್ದ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ವನ್ನು ಐದು ವಿಂಶತಿ, ಒಟ್ಟು ನೂರು ಅಧ್ಯಾಯಗಳಲ್ಲಿ ರಚಿಸಿ, ಅರಸನ ಊಟ, ಬೇಟೆ, ವನಕ್ರೀಡೆಗಳನ್ನೆಲ್ಲ ವಿಂಗಡಿಸಿಟ್ಟುಹೋದ. ಅರಸನ ತೋಟಕ್ಕೆ ಅಷ್ಟು ಶಾಸ್ತ್ರ ಇರುವಾಗ, ಮಾಳಿಗೆಯ ಮೇಲೆ ನೀಲಿ ಡ್ರಮ್ಮಿನಲ್ಲಿ ನಿಂತ ಬ್ರೆಜಿಲಿನ ಜಬೋಟಿಕಾಬಕ್ಕೆ ಒಂದಾದರೂ ಬೇಡವೆ? ಆದ್ದರಿಂದ ಇದೂ ಐದು ವಿಂಶತಿಗಳಲ್ಲಿ ವಿಸ್ತರಿಸಲಿದೆ.

ಪ್ರಥಮತಃ ವರ್ಗೀಕರಣ. ವಿರಳಫಲಮೋಹಿಗಳು ಮೂಲತಃ ಮೂರು ಪ್ರಭೇದದವರು: ಕುಂಡಸ್ಥರು, ಗುಂಡಿಸ್ಥರು, ಚಿತ್ರಸ್ಥರು. ಕುಂಡಸ್ಥರಲ್ಲಿ ಡ್ರಮ್ಮೀಯ, ಗ್ರೋಬ್ಯಾಗೀಯ, ಒಡೆದಬಕೆಟೀಯ ಎಂಬ ಉಪಪಂಥಗಳಿವೆ. ಇವರ ನಡುವಿನ ಸೈದ್ಧಾಂತಿಕ ಭಿನ್ನಾಭಿಪ್ರಾಯ ಕೋಕೋಪೀಟಿನ ಪ್ರಮಾಣಕ್ಕೆ ಸಂಬಂಧಿಸಿದ್ದು. ಗುಂಡಿಸ್ಥರು ಎರೆ ಹೊಲದಲ್ಲಿ ಆಳುದ್ದ ಗುಂಡಿ ತೋಡಿ, ಅದರೊಳಗಿನ ಕಪ್ಪು ಮಣ್ಣನ್ನು ಅಪರಾಧಿಯಂತೆ ಹೊರಹಾಕಿ, ಟ್ರ್ಯಾಕ್ಟರಿನಲ್ಲಿ ಕೆಂಪು ಮಣ್ಣು ತಂದು ತುಂಬಿ, ನೆಲದೊಳಗೇ ಒಂದು ದೊಡ್ಡ ಕುಂಡವನ್ನು ಸೃಷ್ಟಿಸುತ್ತಾರೆ. ಹಾಗಾಗಿ ಇವರು ಭೂಗತ ಕುಂಡಸ್ಥರೆಂಬುದು ಈ ಶಾಸ್ತ್ರದ ಮಹತ್ವದ ಸಂಶೋಧನೆ. ಚಿತ್ರಸ್ಥರಲ್ಲಿ ಗಿಡಕ್ಕಿಂತ ಗಿಡಕ್ಕೆ ಕಟ್ಟಿದ ಚೀಟಿ ಪ್ರಧಾನ. ಚೀಟಿಯ ಮೇಲಿನ ಬಣ್ಣದ ಹಣ್ಣೇ ಇವರ ಪಾಲಿನ ಫಸಲು. ರಾಜಮಹೇಂದ್ರವರದ ಬಳಿಯ ಕಡಿಯಂ ನರ್ಸರಿಗಳಿಂದ ಹೈದರಾಬಾದ್–ಸೋಲಾಪುರ ಹೆದ್ದಾರಿ ಹಿಡಿದು ಗಿಡಗಳು ಹುಮನಾಬಾದಿಗೂ ಸಸ್ತಾಪುರ ಬಂಗ್ಲಾಕ್ಕೂ ಬಂದಿಳಿಯುವಾಗ ಬಿಸಿಲಿಗೆ ಎಲೆ ಬಾಡಿರಬಹುದು, ಚೀಟಿ ಮಾತ್ರ ಬಾಡಿರುವುದಿಲ್ಲ. ನಾಲ್ಕನೆಯ ಪ್ರಭೇದವಾದ ಕಂಬಸ್ಥರು, ಅಂದರೆ ಸಿಮೆಂಟ್ ಕಂಬದ ನೆತ್ತಿಗೆ ಹಳೆಯ ಟೈರು ಸಿಕ್ಕಿಸಿ ಡ್ರ್ಯಾಗನ್ ಫ್ರೂಟ್ ಹಬ್ಬಿಸುವವರು (ಆಟೋನಗರಕ್ಕೆ ಹೆಸರಾದ ಬಸವಕಲ್ಯಾಣದಲ್ಲಿ ಹಳೆಯ ಟೈರಿಗೆ ಬರವಿಲ್ಲ), ಐದನೆಯವರಾದ ಬೀಜಸ್ಥರು… ಹೀಗೇ ಹೋದರೆ ಹದಿನೆಂಟು ಪ್ರಭೇದವಾದರೂ ಮಾಡಬಹುದು, ಆದರೆ ಎಲ್ಲರ ಕೆಲಸವೂ ಒಂದೇ. ವರ್ಗೀಕರಣ ಇಲ್ಲಿಗೆ ಬಂದ್.

ಮುಂದಿನದು ಹವಾಮಾನೀಯ ದ್ವಂದ್ವಾತ್ಮಕತೆ. ಬಸವಕಲ್ಯಾಣ ಸಮುದ್ರಮಟ್ಟಕ್ಕಿಂತ 600 ಮೀಟರಿಗೂ ಎತ್ತರದ ಬಯಲು. ಮಳೆ ವರ್ಷಕ್ಕೆ 800 ಮಿಲಿಮೀಟರಿನ ಆಸುಪಾಸು, ಅದೂ ಬಹುಪಾಲು ನಾಲ್ಕು ತಿಂಗಳಲ್ಲಿ. ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಒಣ ಗಾಳಿ. ಡಿಸೆಂಬರಿನ ರಾತ್ರಿ ಹತ್ತು ಡಿಗ್ರಿಯ ಹತ್ತಿರಕ್ಕೆ ಇಳಿಯುವ ಚಳಿ. ಮ್ಯಾಂಗೋಸ್ಟೀನ್ ಎಂಬುದು ಮಲಯ ದ್ವೀಪಸ್ತೋಮದ ತೇವ ನೆರಳಿನ ಮರ. ಅದಕ್ಕೆ ವರ್ಷವಿಡೀ ತೇವ ಬೇಕು, ಒಣ ಗಾಳಿ ಆಗದು, ಚಳಿ ಆಗದು, ಸುಣ್ಣದ ಅಂಶವಿರುವ ಮಣ್ಣಂತೂ ಆಗಲೇ ಆಗದು. ಬೀಜದಿಂದ ಬೆಳೆಸಿದರೆ ಹೇಳಿಮಾಡಿಸಿದ ಜಾಗದಲ್ಲೂ ಹಣ್ಣಿಗೆ ಎಂಟು-ಹತ್ತು ವರ್ಷ. ಇಲ್ಲೊಂದು ಗಹನವಾದ ನ್ಯಾಯಶಾಸ್ತ್ರೀಯ ಪ್ರಶ್ನೆ ಉದ್ಭವಿಸುತ್ತದೆ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಇದೇ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರ ಬರೆದ ‘ಮಿತಾಕ್ಷರ’ದ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟುತ್ತಲೇ ಹಕ್ಕು. ಹಾಗಿದ್ದರೆ ಮಾಳಿಗೆಯ ಮೇಲಿನ ಮ್ಯಾಂಗೋಸ್ಟೀನಿಗೆ ದಿನಾಲೂ ಕೊಡ ಹೊತ್ತು ನೀರು ಹಾಕುವ ಹೊಣೆಯೂ ಹುಟ್ಟುತ್ತಲೇ ಬರುತ್ತದೆಯೋ, ಅಥವಾ ವಿಭಾಗದ ನಂತರವೋ? ಭಾಷ್ಯಕಾರರು ಈ ಬಗ್ಗೆ ಮೌನ ವಹಿಸಿದ್ದಾರೆ.

ಈಗ ಪ್ರಬಂಧದ ಕೇಂದ್ರ ಪ್ರಮೇಯಕ್ಕೆ ಬರೋಣ: ವಿರಳತ್ವವೆಂಬ ಗುಣ ಹಣ್ಣಿನಲ್ಲಿಲ್ಲ, ಚೀಟಿಯಲ್ಲಿದೆ. ಪುರಾವೆಗೆ ಮೊದಲು ಮಿಯಾಝಾಕಿ ಮಾವು. ಕಿಲೋಗೆ ಎರಡೂವರೆ ಲಕ್ಷಕ್ಕೂ ಮಿಕ್ಕಿ ಬೆಲೆಯೆಂದು 2021ರಲ್ಲಿ ಪತ್ರಿಕೆಗಳು ಬರೆದ ಮೇಲೆ ಊರೂರಿನ ನರ್ಸರಿಗಳಲ್ಲಿ ಅದರ ಸಸಿಗಳು ಮೊಳೆತವು. ಆ ಹಣ್ಣಿನ ತಳಿ ಇರ್ವಿನ್. ಅಮೆರಿಕದ ಫ್ಲಾರಿಡಾದಲ್ಲಿ ಹುಟ್ಟಿದ, ತಳಿಯ ಮಟ್ಟಿಗೆ ತೀರಾ ಸಾಧಾರಣವಾದ ಕೆಂಪು ಮಾವು. ಜಪಾನಿನವರು ಅದನ್ನು ಗಾಜಿನಮನೆಯಲ್ಲಿ ಸಾಕಿ, ಒಂದೊಂದು ಹಣ್ಣಿಗೂ ಬಲೆಚೀಲ ಕಟ್ಟಿ, ತಾನಾಗಿ ಕಳಚಿ ಬೀಳುವತನಕ ಕಾದು, ಕನಿಷ್ಠ 350 ಗ್ರಾಂ ತೂಕವೂ ಶೇಕಡಾ 15ರಷ್ಟು ಸಿಹಿಯೂ ಇದ್ದವನ್ನಷ್ಟೇ ಆರಿಸಿ ‘ಸೂರ್ಯನ ಮೊಟ್ಟೆ’ ಎಂದು ಹೆಸರಿಟ್ಟು ಮಾರುತ್ತಾರೆ. ಸುದ್ದಿಯಾದ ಬೆಲೆ ಆ ಆರೈಕೆಗೆ, ಹರಾಜಿಗೆ, ಉಡುಗೊರೆ ಕೊಡುವ ಅಲ್ಲಿನ ರಿವಾಜಿಗೆ ಸೇರಿದ್ದು. ಸಸಿಯ ಜೊತೆ ಅದು ಬಸವಕಲ್ಯಾಣಕ್ಕೆ ಬರುವುದಿಲ್ಲ. ಇನ್ನು ಬುದ್ಧನ ಕೈ ಎಂಬ ಬೆರಳುಬೆರಳಾದ ಹಳದಿ ಹಣ್ಣು. ಸಾವಿರಗಟ್ಟಲೆ ಕೊಟ್ಟು ತರಿಸುವ ಈ ಗಿಡ ಮಾದಲದ ಒಂದು ವಿಕೃತ ತಳಿ, ಅಷ್ಟೆ. ಚಾಲುಕ್ಯರ ಕಾಲದ ಲಕುಲೀಶನ ಶಿಲ್ಪಗಳಲ್ಲಿ ಲಗುಡದ ಜೊತೆ ಕೈಯಲ್ಲಿ ಹಿಡಿಸಿರುವುದು ಇದೇ ಮಾದಲವನ್ನು. ಇಂಡಿ ಸೀಮೆಯ ಕಾಗ್ಜಿ ಲಿಂಬಿಯ ಹೆತ್ತವರಲ್ಲೊಂದು ಕೂಡ ಮಾದಲವೆಂದು ವಂಶವಾಹಿ ಅಧ್ಯಯನಗಳು ಹೇಳುತ್ತವೆ. ಸಾವಿರ ವರ್ಷ ಕಲ್ಲಿನಲ್ಲಿ ಕೂತ ಹಣ್ಣನ್ನು ಯಾರೂ ಕೇಳಲಿಲ್ಲ. ಬೆರಳು ಮೂಡಿದ್ದೇ ತಡ ಕೊರಿಯರಿನಲ್ಲಿ ಬಂತು. ಮೂರನೆಯದು ಥಾಯ್ ಆ್ಯಪಲ್ ಬೇರ್. ಇದು ನಮ್ಮ ಬಾರಿಯೇ. ಸಸ್ಯಶಾಸ್ತ್ರಕ್ಕೆ ಎರಡೂ ಒಂದೇ ಜಾತಿ. ಥಾಯ್ ಬೇರಿನ ಕಾಯಿ ದಪ್ಪ, ನೀರು ಹೆಚ್ಚು, ಹುಳಿ ಕಡಿಮೆ. ಬದುವಿನ ಮೇಲಿನ ಬಾರಿಗಿಡವನ್ನು ಜೆಸಿಬಿಯಿಂದ ಕೀಳಿಸಿ ಅದೇ ಜಾಗದಲ್ಲಿ ಥಾಯ್ಲೆಂಡಿನ ಹೆಸರಿನ ಬಾರಿ ನೆಡುವುದಕ್ಕೆ ನಮ್ಮ ಶಾಸ್ತ್ರದಲ್ಲಿ ‘ಪ್ರತ್ಯಭಿಜ್ಞಾಲೋಪ’ವೆಂಬ ಪಾರಿಭಾಷಿಕವನ್ನು ಸೂಚಿಸಲಾಗಿದೆ. ಹೈದರಾಬಾದ್ ಕರ್ನಾಟಕಕ್ಕೆ 2019ರಲ್ಲಿ ಕಲ್ಯಾಣ ಕರ್ನಾಟಕವೆಂದೂ, ಗುಜರಾತಿನಲ್ಲಿ ಡ್ರ್ಯಾಗನ್ ಫ್ರೂಟಿಗೆ 2021ರಲ್ಲಿ ಕಮಲಂ ಎಂದೂ ಸರ್ಕಾರಗಳೇ ಚೀಟಿ ಬದಲಿಸಿರುವಾಗ ಹವ್ಯಾಸಿಗಳನ್ನಷ್ಟೇ ಯಾಕೆ ದೂರಬೇಕು!

ಪೂರ್ವಪಕ್ಷವೊಂದು ಇಲ್ಲಿ ಎದ್ದುನಿಲ್ಲುತ್ತದೆ. ಸೀತಾಫಲ, ಪೇರಲ, ಪಪ್ಪಾಯಿ, ಚಿಕ್ಕು ಎಲ್ಲವೂ ಅಮೆರಿಕ ಖಂಡದಿಂದ ಬಂದವು. ಆಗ ಬಂದಿದ್ದು ಸರಿ, ಈಗ ಬರುವುದು ತಪ್ಪೆಂದರೆ ಹೇಗೆ? ಇದು ನಿಜವಾದ ಆಕ್ಷೇಪ, ತಮಾಷೆಯಲ್ಲಿ ತೇಲಿಸಿಬಿಡುವಂಥದ್ದಲ್ಲ. ಹುಟ್ಟಿದ ಊರು ಕೇಳಿ ಗಿಡಕ್ಕೆ ಪಂಕ್ತಿಭೇದ ಮಾಡುವುದು ಕಲ್ಯಾಣದ ನೆಲದಲ್ಲಿ ಶೋಭಿಸುವ ಮಾತೂ ಅಲ್ಲ. ಆದರೆ ಸೀತಾಫಲ ಏನು ಮಾಡಿತೆಂದು ನೋಡಿ. ಬೀದರ ಸೀಮೆಯ ಕಲ್ಲುಗುಡ್ಡಗಳ ಮೇಲೆ, ಯಾರೂ ನೆಡದ, ನೀರು ಕಾಣದ ಜಾಗದಲ್ಲಿ ಬೇರು ಬಿಟ್ಟಿತು. ಬೇಸಿಗೆಯಲ್ಲಿ ಎಲೆ ಉದುರಿಸಿ ಸುಮ್ಮನಿದ್ದು, ಮಳೆಗೆ ಚಿಗುರಿ, ದಸರಾ ಹೊತ್ತಿಗೆ ಹಣ್ಣು ಕೊಡುವುದನ್ನು ಕಲಿಯಿತು. ಅದರ ಎಲೆ ಮೇಕೆಗೂ ಬೇಡ. ಹೊಲವಿಲ್ಲದ ಮನೆಯ ಹೆಣ್ಣುಮಕ್ಕಳಿಗೆ ಅದು ಎರಡು ತಿಂಗಳ ದುಡಿಮೆಯಾಯಿತು. ಹೊರಗಿನಿಂದ ಬಂದ ಗಿಡ ಊರಿನದಾಗುವುದು ಹೀಗೆ. ಡ್ರ್ಯಾಗನ್ ಫ್ರೂಟಿಗೂ ಈ ಯೋಗ್ಯತೆ ಇದ್ದೀತು. ಅದು ಕಳ್ಳಿಯ ಜಾತಿ, ಕಡಿಮೆ ನೀರಿನಲ್ಲಿ ಬದುಕಬಲ್ಲದು, ಅದರ ಬಗ್ಗೆ ನಮಗೆ ತಕರಾರಿಲ್ಲ. ಆದರೆ ಮ್ಯಾಂಗೋಸ್ಟೀನಿನಂತೆ ದೂರಿಯನ್ ಕೂಡ ಇಲ್ಲಿ ಊರಿನದಾಗಲು ಬಂದಿಲ್ಲ, ಅತಿಥಿಯಾಗಿಯೇ ಉಳಿಯಲು ಬಂದಿದೆ.

ಎರಡನೆಯ ಆಕ್ಷೇಪ ನೀರಿನದು. ಮಾಳಿಗೆಯ ಹತ್ತು ಡ್ರಮ್ಮು ಕುಡಿಯುವುದೆಷ್ಟು, ಒಂದು ಎಕರೆ ಕಬ್ಬು ಕುಡಿಯುವುದೆಷ್ಟು? ಒಪ್ಪಬೇಕಾದ ಮಾತು. ಪಕ್ಕದ ಲಾತೂರಿಗೆ 2016ರ ಏಪ್ರಿಲಿನಲ್ಲಿ ಮಿರಜದಿಂದ ರೈಲಿನಲ್ಲಿ ನೀರು ಹೊತ್ತು ತರಬೇಕಾಗಿ ಬಂದಾಗ ಅದಕ್ಕೆ ಯಾರ ಮನೆಯ ರಂಬುಟಾನೂ ಕಾರಣವಾಗಿರಲಿಲ್ಲ. ಕೊಡ ನೀರಿನ ಲೆಕ್ಕ ಹಿಡಿದು ಹವ್ಯಾಸಿಯನ್ನು ಹಳಿಯುವುದು, ಕಬ್ಬಿನ ಬಗ್ಗೆ ಬಾಯಿಬಿಡಲು ಅಂಜುವವರ ಶೌರ್ಯ. ನೀರಿನ ಮೊಕದ್ದಮೆಯಿಂದ ವಿರಳಫಲಮೋಹಿಯನ್ನು ಬಿಡುಗಡೆ ಮಾಡಲಾಗಿದೆ.

ಆದರೆ ಕಸಿಕಡ್ಡಿಯ ಮೊಕದ್ದಮೆಯಲ್ಲಿ ಬಿಡುಗಡೆಯಿಲ್ಲ. ಪರವಾನಗಿ ಮತ್ತು ಸಸ್ಯಾರೋಗ್ಯ ಪ್ರಮಾಣಪತ್ರವಿಲ್ಲದೆ ಹೊರದೇಶದ ಗಿಡ, ಕಡ್ಡಿ, ಬೀಜ ತರುವಂತಿಲ್ಲವೆಂದು 2003ರ ಸಸ್ಯ ಸಂಗರೋಧ ಆದೇಶ ಹೇಳುತ್ತದೆ. ಸಾಕ್ಸಿನೊಳಗೆ ಸುತ್ತಿ ತಂದ ಹೊಸ ಜಾತಿಯ ಲಿಂಬಿ ಕಡ್ಡಿಯನ್ನು ಸಾಹಸವೆಂದು ಕೊಂಡಾಡುವ ‘ಜ್ಞಾನವಿನಿಮಯ ಸಂಸ್ಕೃತಿ’ಗೆ ಇಷ್ಟು ಹೊತ್ತು ಬಳಸಿದ ಯಾವ ಪರಿಭಾಷೆಯೂ ಸಾಲದು, ಅದು ಬೇಜವಾಬ್ದಾರಿ, ಬೇರೆ ಹೆಸರಿಲ್ಲ. ಸಿಟ್ರಸ್ ಗ್ರೀನಿಂಗ್ ರೋಗಕ್ಕೆ ಮದ್ದಿಲ್ಲ. ಅದು ಕಸಿಕಡ್ಡಿಯಿಂದ ಹರಡುತ್ತದೆ, ಹಿತ್ತಲಿನ ಕರಿಬೇವಿನ ಮೇಲೂ ಬದುಕುವ ಸಿಲ್ಲಿಡ್ ಎಂಬ ಸಣ್ಣ ಕೀಟದಿಂದಲೂ ಹರಡುತ್ತದೆ. ಫ್ಲಾರಿಡಾದಲ್ಲಿ 2005ರಲ್ಲಿ ಕಾಣಿಸಿಕೊಂಡ ಮೇಲೆ ಎರಡು ದಶಕದೊಳಗೆ ಅಲ್ಲಿನ ಕಿತ್ತಳೆ ಫಸಲು ಸುಮಾರು ಹತ್ತರಲ್ಲೊಂದು ಪಾಲಿಗೆ ಇಳಿಯಿತು. ಕೊಡಗಿನ ಕಿತ್ತಳೆ ಸೊರಗಿದ್ದರಲ್ಲೂ ಇದರ ಪಾಲಿದೆ. ಮೆಕ್ಸಿಕೊ ಮೂಲದ ಪಪ್ಪಾಯಿ ಹಿಟ್ಟುತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡು, ಅಲ್ಲಿಂದ ಹಿಪ್ಪುನೇರಳೆಗೂ ಮರಗೆಣಸಿಗೂ ಹಬ್ಬಿ, ಕೊನೆಗೆ 2010ರಲ್ಲಿ ಅದರ ಶತ್ರು ಕಣಜವನ್ನೇ ಹೊರದೇಶದಿಂದ ಅಧಿಕೃತವಾಗಿ ತರಿಸಬೇಕಾಯಿತು. ಹತ್ತು ಕುಂಡದವನ ಗಿಡ ಸತ್ತರೆ ಅವನಿಗೆ ಒಂದು ಭಾನುವಾರ ಬೇಸರ. ಇಂಡಿ ಸೀಮೆಯ ಲಿಂಬಿ ಬೆಳೆಗಾರನ ಗಿಡ ಸತ್ತರೆ ಬ್ಯಾಂಕಿನವರು ಮನೆಗೆ ಬರುತ್ತಾರೆ. ಈ ಎರಡನ್ನೂ ‘ಪ್ರಯೋಗಶೀಲತೆ’ ಎಂಬ ಒಂದೇ ಚೀಲದಲ್ಲಿ ತುಂಬುವ ಭಾಷಣಗಳನ್ನು ಇನ್ನೆಷ್ಟು ಕೇಳಬೇಕು?

ಇಷ್ಟಕ್ಕೂ ಬಸವಕಲ್ಯಾಣ, ಹುಮನಾಬಾದಿನಲ್ಲಿ ಈಗ ನಿಜವಾಗಿ ವಿರಳವಾಗಿರುವ ಹಣ್ಣು ಯಾವುದು? ದುಡ್ಡಿದ್ದರೆ ರಂಬುಟಾನ್ ಹೈದರಾಬಾದಿನಿಂದ ಸಂಜೆಯೊಳಗೆ ಬರುತ್ತದೆ. ಕವಳಿ ಹಣ್ಣು ಬರುವುದಿಲ್ಲ. ಕವಳಿ ಬೇಲಿಯಲ್ಲಿ ಬೆಳೆಯುತ್ತಿತ್ತು, ಬೇಲಿಯ ಜಾಗಕ್ಕೆ ತಂತಿ ಬಂತು. ತುಮರಿ, ಪರಗಿ, ಈಚಲ ಊರ ದನ ಮೇಯುವ ಗಾಯರಾಣದಲ್ಲಿದ್ದವು. ಗಾಯರಾಣ ಒತ್ತುವರಿಯಾಯಿತು, ಅಥವಾ ನಿವೇಶನವಾಯಿತು. ಬಾರಿ ಬದುವಿನ ಮೇಲಿತ್ತು; ಸೋಯಾಬೀನಿಗೆ ಎರಡು ಸಾಲು ಹೆಚ್ಚು ಸಿಗಲೆಂದು ಬದುವೇ ಸವೆಯಿತು. ಬ್ಯಾಲದ ಮರ ಅಲ್ಲೊಂದು ಇಲ್ಲೊಂದು ಗುಡಿಯ ಹಿಂದೆ ದೇವರ ಹೆಸರಿನಲ್ಲಿ ಉಳಿದುಕೊಂಡಿದೆ. ಇವು ಪಾವು, ಸೇರಿನ ಲೆಕ್ಕದಲ್ಲಿ ಬುಟ್ಟಿಯೊಳಗೆ ಕುಳಿತು ಬಸ್‌ಸ್ಟ್ಯಾಂಡಿಗೆ ಬರುತ್ತಿದ್ದ ಹಣ್ಣುಗಳು. ಇವಕ್ಕೆ ಚೀಟಿಯಿರಲಿಲ್ಲ, ಆದ್ದರಿಂದ ಹೋದದ್ದೂ ಯಾರಿಗೂ ಗೊತ್ತಾಗಲಿಲ್ಲ. ಸಂಕ್ರಾಂತಿಯಲ್ಲಿ ಕೂಸಿನ ತಲೆಯ ಮೇಲೆ ಸುರಿಯಲು ಇನ್ನೂ ಬಾರಿಹಣ್ಣೇ ಬೇಕು. ಈಗ ಅದಕ್ಕೂ ಆ್ಯಪಲ್ ಬೇರನ್ನೇ ತರುತ್ತಾರೆ, ಮತ್ತು ಆ ಗಾತ್ರದ ಕಾಯಿ ತಲೆಯ ಮೇಲೆ ಬಿದ್ದರೆ ಕೂಸು ಅಳುತ್ತದೆ.

ಹಣ್ಣಿನ ಜೊತೆ ಹೋಗುತ್ತಿರುವ ತಿಳಿವಳಿಕೆ ಇನ್ನೂ ದೊಡ್ಡದು. ಮೋಸಂಬಿ, ಪೇರಲ, ದಾಳಿಂಬೆಗೆ ಈ ದಖನ್ನಿನ ರೈತರು ಹಿಡಿಯುವ ಬಹಾರವನ್ನೇ ನೋಡಿ. ಗಿಡಕ್ಕೆ ಕೆಲವು ವಾರ ನೀರು ನಿಲ್ಲಿಸಿ, ಎಲೆ ಬಾಡಿಸಿ, ಆಮೇಲೆ ಗೊಬ್ಬರ ನೀರು ಕೊಟ್ಟು ಬೇಕಾದ ಹಂಗಾಮಿನಲ್ಲಿ ಹೂ ಬರಿಸುವ ವಿದ್ಯೆ ಅದು. ಮಾವು ಹೂ ಬಿಡುವ ಹೊತ್ತಿನದು ಅಂಬೆ ಬಹಾರ, ಮೃಗಶಿರಾ ಮಳೆಯದು ಮೃಗ ಬಹಾರ, ಹಸ್ತ ಮಳೆಯದು ಹಸ್ತ ಬಹಾರ. ಬರವನ್ನೇ ಒಂದು ಸಲಕರಣೆ ಮಾಡಿಕೊಂಡವರ ವಿದ್ಯೆಗೆ ‘ಸಾಂಪ್ರದಾಯಿಕ ಪದ್ಧತಿ’ ಎಂದು ಅರ್ಧ ಸಾಲು ಕೊಟ್ಟು, ಮಾಳಿಗೆಯ ಮೇಲಿನ ಮಿಸ್ಟಿಂಗ್ ಪೈಪಿಗೆ ‘ಸೂಕ್ಷ್ಮ ಹವಾಗುಣ ನಿರ್ವಹಣೆ’ ಎಂದು ಮೂರು ಪುಟ ಕೊಡುತ್ತಾರೆ. ಹವ್ಯಾಸಿಯ ಕೈ ಕೆಟ್ಟದ್ದಲ್ಲ. ಕಣ್ಣು ಕೂಡಿಸಿ ಕಸಿ ಕಟ್ಟುವುದು, ತಿಂಗಳುಗಟ್ಟಲೆ ಒಂದು ಚಿಗುರಿಗೆ ಕಾಯುವುದು ಎಲ್ಲರಿಗೂ ಬರುವ ಕೆಲಸವಲ್ಲ. ಬದುವಿನಲ್ಲಿ ಉಳಿದ ಕಾಡುಬಾರಿಯ ಬುಡವನ್ನು ಬೇಸಿಗೆಯಲ್ಲಿ ಕಡಿದು, ಬಂದ ಹೊಸ ಚಿಗುರಿಗೆ ಉಮ್ರಾನ್‌ ಅಥವಾ ಗೋಲಾ ಬಾರಿಯ ಕಣ್ಣು ಕೂಡಿಸಿದರೆ ಆಗಲೇ ಆಳಕ್ಕಿಳಿದ ಬೇರಿನ ಮೇಲೆ ಒಳ್ಳೆಯ ಹಣ್ಣು ಬರುತ್ತದೆ. ಡ್ರಮ್ಮೂ ಬೇಡ, ಕೆಂಪು ಮಣ್ಣೂ ಬೇಡ. ಚೇಳೂರಿನ ಒಂದು ಹಲಸಿನ ಮರದ ಕೆಂಪು ತೊಳೆಯನ್ನು ಗುರುತಿಸಿ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ‘ಸಿದ್ದು’ ಎಂದು ಹೆಸರಿಟ್ಟ ಮೇಲೆ ಅದರ ಕಸಿ ಸಸಿಗೆ ಜನ ಮುಗಿಬಿದ್ದರು. ಆ ಮರ ಅಲ್ಲೇ ನಿಂತಿತ್ತು. ಈ ಎರಡು ತಾಲ್ಲೂಕಿನ ಯಾವ ಗುಡ್ಡದ ಸೀತಾಫಲದಲ್ಲಿ ಬೀಜ ಕಡಿಮೆ, ಯಾವ ಬದುವಿನ ಬಾರಿಗೆ ಸಿಹಿ ಹೆಚ್ಚು ಎಂದು ಗುರುತು ಹಾಕಿಡಲು ಇಲ್ಲಿ ಯಾವ ವಿದ್ವಾಂಸನೂ ಬೇಕಿಲ್ಲ, ಮೇಕೆ ಕಾಯುವ ಹುಡುಗರನ್ನು ಕೇಳಿದರೆ ಸಾಕು.

ಉಳಿದ ವಿಂಶತಿಗಳನ್ನು ಬರೆಯುವ ಉತ್ಸಾಹ ಉಳಿದಿಲ್ಲ. ಆದರೂ ಕಟ್ಟಕಡೆಯ ಆಕ್ಷೇಪಕ್ಕೆ ಉತ್ತರಿಸದೆ ಶಾಸ್ತ್ರ ಮುಗಿಸುವಂತಿಲ್ಲ: ನಮ್ಮ ಬಾರಿಹಣ್ಣಿನಲ್ಲಿ ಹುಳು ಇರುತ್ತದಲ್ಲ? ಇರುತ್ತದೆ. ಹಣ್ಣುನೊಣ ಎಳೆಗಾಯಿಯಲ್ಲೇ ಮೊಟ್ಟೆಯಿಡುತ್ತದೆ, ಒಡೆದು ನೋಡಿಯೇ ತಿನ್ನಬೇಕು. ಮಾಳಿಗೆಯ ಮೇಲಿನ ಮ್ಯಾಂಗೋಸ್ಟೀನಿನಲ್ಲಿ ಹುಳು ಈವರೆಗೆ ವರದಿಯಾಗಿಲ್ಲ, ಹಣ್ಣೂ ವರದಿಯಾಗಿಲ್ಲ.